ತಂತ್ರಾಂಶದ ಬೀಗವನ್ನು ಜಗ್ಗಿ ನೋಡುವವರಾರು?

ರಾತ್ರಿ ಅಂಗಡಿ ಮುಚ್ಚುವಾಗ ಶಟರ್ ಎಳೆದು, ಬೀಗ ಹಾಕಿ, ಅದನ್ನೊಮ್ಮೆ ಜಗ್ಗಿ ನೋಡಿ ಹೊರಡುವುದು ವ್ಯಾಪಾರಸ್ಥರ ಹಳೆಯ ರೂಢಿ. ಕಲಬುರಗಿ ನಗರದ ಸೂಪರ್ ಮಾರ್ಕೆಟ್ ಪ್ರದೇಶವೂ ಇದಕ್ಕೆ ಹೊರತಲ್ಲ. ಆದರೆ ಇಂದು ವಹಿವಾಟಿನ ದೊಡ್ಡದೊಂದು ಪಾಲು ಗಲ್ಲಾಪೆಟ್ಟಿಗೆಯನ್ನು ಮುಟ್ಟುವುದೇ ಇಲ್ಲ. ಬಿಲ್ಲು ಬರೆಯುವುದು, ಹಣ ಪಡೆಯುವುದು, ದಾಸ್ತಾನಿನ ಲೆಕ್ಕ ಇಡುವುದು ಎಲ್ಲವೂ ತಂತ್ರಾಂಶದ ಕೆಲಸವಾಗಿದೆ. ಕಮಲಾಪುರದ ಕೆಂಪು ಬಾಳೆ ಮಾರಿದ ಹಣ ಮೊಬೈಲ್ ಮೂಲಕ ಬೆಳೆಗಾರನ ಖಾತೆಗೆ ಜಮೆಯಾಗಬಲ್ಲದು. ಅದೇ ತಾಲ್ಲೂಕಿನ ಗುತ್ತಿಗೆದಾರ ಸರ್ಕಾರಿ ಕಾಮಗಾರಿಯ ಟೆಂಡರ್‌ಗೆ ಅಂತರ್ಜಾಲದಲ್ಲೇ ಅರ್ಜಿ ಹಾಕುತ್ತಾನೆ. ಕಣ್ಣಿಗೆ ಕಾಣದ ಈ ಬೀಗ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುವ ಬಗೆ ಹೇಗೆ?

2019ರ ಪಾಠ

ಇದು ಕೇವಲ ತಂತ್ರಜ್ಞರ ಚಿಂತೆಯಲ್ಲ ಎಂಬುದಕ್ಕೆ ರಾಜ್ಯದಲ್ಲೇ ನಿದರ್ಶನವಿದೆ. ಸರ್ಕಾರಿ ಟೆಂಡರ್‌ಗಳಲ್ಲಿ ಭಾಗವಹಿಸುವವರು ಮುಂಗಡ ಠೇವಣಿ ಇಡಬೇಕು. ಟೆಂಡರ್ ಸಿಗದವರಿಗೆ ಆ ಮೊತ್ತ ಮರಳುತ್ತದೆ. 2019ರಲ್ಲಿ ರಾಜ್ಯ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಜಾಲತಾಣಕ್ಕೆ ಕನ್ನ ಹಾಕಿ, ಇಂತಹ ಠೇವಣಿಯ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ವರ್ಗಾಯಿಸಲಾಯಿತೆಂದು ಸಿಐಡಿಯಲ್ಲಿ ಪ್ರಕರಣ ದಾಖಲಾಯಿತು. 2021ರ ವೇಳೆಗೆ ಈ ಪ್ರಕರಣ ಬಿಟ್‌ಕಾಯಿನ್ ಹಗರಣದೊಡನೆ ತಳುಕು ಹಾಕಿಕೊಂಡು ರಾಜಕೀಯ ವಿವಾದವಾಗಿಯೂ ಬೆಳೆಯಿತು. ಯಾವ ಬಾಗಿಲೂ ಒಡೆದಿರಲಿಲ್ಲ, ಯಾವ ತಿಜೋರಿಯೂ ಮುರಿದಿರಲಿಲ್ಲ.

ಲೋಪ ಎಲ್ಲಿರುತ್ತದೆ?

ತಂತ್ರಾಂಶವು ತನಗೆ ಬರೆದುಕೊಟ್ಟಂತೆ ನಡೆಯುತ್ತದೆ. ತೊಂದರೆ ಹುಟ್ಟುವುದು ಬರೆದವರು ಊಹಿಸದ ಸಂದರ್ಭದಲ್ಲಿ. ಕಿರಾಣಿ ಅಂಗಡಿಯ ಬಿಲ್ಲಿನಲ್ಲಿ ತೊಗರಿ ಬೇಳೆಯ ತೂಕದ ಜಾಗದಲ್ಲಿ 5 ಎಂಬುದಕ್ಕೆ ಬದಲಾಗಿ ‘ಮೈನಸ್ 5’ ಎಂದು ತುಂಬಿದರೆ ಏನಾದೀತು? ತಡೆ ಇಲ್ಲದಿದ್ದರೆ ಬಿಲ್ಲಿನ ಮೊತ್ತ ಏರುವ ಬದಲು ಇಳಿಯುತ್ತದೆ. ಹಾಗೆಯೇ ಗ್ರಾಹಕರ ಹೆಸರಿನ ಜಾಗದಲ್ಲಿ ದತ್ತಸಂಚಯಕ್ಕೆ ನೀಡುವ ಆಜ್ಞೆಯನ್ನೇ ಬರೆದಾಗ, ತಂತ್ರಾಂಶ ಅದನ್ನು ಹೆಸರೆಂದು ತಿಳಿಯದೆ ಆಜ್ಞೆಯೆಂದು ಪಾಲಿಸಿದರೆ ಇಡೀ ಖಾತೆ ಪುಸ್ತಕವೇ ಹೊರಬಿದ್ದೀತು. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು.

ಸಾಮಾನ್ಯ ಪರೀಕ್ಷೆಯು ‘ಮಾಡಬೇಕಾದುದನ್ನು ಮಾಡುತ್ತದೆಯೇ’ ಎಂದು ಕೇಳಿದರೆ, ಭದ್ರತಾ ಪರೀಕ್ಷೆಯು ‘ಮಾಡಬಾರದುದನ್ನು ಮಾಡುತ್ತದೆಯೇ’ ಎಂದು ಕೇಳುತ್ತದೆ. ಎರಡನೆಯ ಪ್ರಶ್ನೆಗೆ ಕೊನೆಯೇ ಇಲ್ಲವಾದ್ದರಿಂದ ಅದಕ್ಕೆ ಹಲವು ವಿಧಾನಗಳು ಬೇಕಾಗುತ್ತವೆ.

ಓದಿ ನೋಡುವುದು

ಮೊದಲನೆಯದು, ತಂತ್ರಾಂಶವನ್ನು ಚಾಲನೆಗೊಳಿಸದೆ ಅದರ ಕೋಡನ್ನೇ ಓದುವುದು. ಅನುಭವಿಗಳು ಸಾಲುಸಾಲಾಗಿ ಓದಬಹುದು. ಲಕ್ಷಾಂತರ ಸಾಲುಗಳಿದ್ದಾಗ ಓದುವ ಕೆಲಸವನ್ನು ಮತ್ತೊಂದು ತಂತ್ರಾಂಶಕ್ಕೇ ಒಪ್ಪಿಸಬಹುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1978ರಲ್ಲಿ ರೂಪುಗೊಂಡ ‘ಲಿಂಟ್’ ಈ ಬಗೆಯ ಆರಂಭಿಕ ಸಾಧನಗಳಲ್ಲೊಂದು. ಇಂದಿನ ಸಾಧನಗಳು, ಹೊರಗಿನವರು ತುಂಬಿದ ಮಾಹಿತಿ ಯಾವ ದಾರಿಯಲ್ಲಿ ಸಾಗಿ, ತಪಾಸಣೆಯಿಲ್ಲದೆ ಎಲ್ಲಿಗೆ ತಲುಪುತ್ತದೆ ಎಂಬುದನ್ನು ಗುರುತಿಸುತ್ತವೆ. ಇವುಗಳ ಮಿತಿ ಎರಡು: ಲೋಪವಿಲ್ಲದ ಕಡೆಯೂ ಎಚ್ಚರಿಕೆಯ ಗಂಟೆ ಬಾರಿಸುತ್ತವೆ, ವ್ಯವಹಾರದ ಅರ್ಥ ಅವಕ್ಕೆ ತಿಳಿಯದು. ಬೇಳೆಯ ತೂಕ ಸೊನ್ನೆಗಿಂತ ಕಡಿಮೆ ಇರಲಾರದೆಂಬುದು ವ್ಯಾಪಾರಿಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ.

ನಡೆಸಿ ನೋಡುವುದು

ಎರಡನೆಯದು, ತಂತ್ರಾಂಶದ ಪ್ರತಿಯೊಂದನ್ನು ಪ್ರತ್ಯೇಕವಾಗಿ ನಡೆಸಿ, ಹೊರಗಿನಿಂದ ದಾಳಿಕೋರರಂತೆ ಕೆಣಕುವುದು. ಪ್ರವೇಶ ಪದವನ್ನು ಎಷ್ಟು ಬಾರಿ ತಪ್ಪಾಗಿ ತುಂಬಬಹುದು, ಒಬ್ಬರ ಬಿಲ್ಲನ್ನು ಮತ್ತೊಬ್ಬರು ತೆರೆಯಬಹುದೇ ಎಂಬಂತಹ ಲೋಪಗಳು ಇಲ್ಲಿ ಬಯಲಾಗುತ್ತವೆ. ಪರೀಕ್ಷೆ ತಲುಪದ ಪುಟಗಳಲ್ಲಿನ ಲೋಪ ಮಾತ್ರ ಹಾಗೆಯೇ ಉಳಿಯುತ್ತದೆ.

ಮೂರನೆಯದಾದ ‘ಫಜಿಂಗ್’ ಹುಟ್ಟಿದ್ದೇ ಒಂದು ಬಿರುಗಾಳಿ ಮಳೆಯಲ್ಲಿ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ದೂರವಾಣಿ ತಂತಿಯ ಮೂಲಕ ಗಣಕವನ್ನು ಬಳಸುತ್ತಿದ್ದಾಗ, ಮಳೆಯಿಂದಾಗಿ ತಂತಿಯಲ್ಲಿ ಗದ್ದಲ ಸೇರಿ ಅರ್ಥವಿಲ್ಲದ ಅಕ್ಷರಗಳು ನುಸುಳಿದವು, ತಂತ್ರಾಂಶಗಳು ಕುಸಿದವು. ಅದನ್ನೇ ಅವರು ಪ್ರಯೋಗವಾಗಿಸಿದರು. ಯುನಿಕ್ಸ್ ವ್ಯವಸ್ಥೆಯ ಸಣ್ಣ ತಂತ್ರಾಂಶಗಳಿಗೆ ಮನಬಂದಂತೆ ಅಕ್ಷರಗಳನ್ನು ಉಣಿಸಿದಾಗ ಕಾಲು ಭಾಗಕ್ಕೂ ಮಿಕ್ಕಿ ಕುಸಿದವು ಅಥವಾ ಸ್ಥಗಿತಗೊಂಡವೆಂದು 1990ರಲ್ಲಿ ವರದಿಯಾಯಿತು. ಇಂದಿನ ಫಜಿಂಗ್ ಸಾಧನಗಳು ಲಕ್ಷಾಂತರ ಅಡ್ಡಾದಿಡ್ಡಿ ಮಾಹಿತಿಯನ್ನು ತಾವೇ ಸೃಷ್ಟಿಸಿ, ಯಾವುದಕ್ಕೆ ತಂತ್ರಾಂಶ ಎಡವುತ್ತದೆ ಎಂದು ನೋಡುತ್ತವೆ.

2014ರ ‘ಹಾರ್ಟ್‌ಬ್ಲೀಡ್’ ಪ್ರಕರಣ ಈ ವಿಧಾನಗಳ ಸಂಬಂಧವನ್ನು ಚೆನ್ನಾಗಿ ತೋರಿಸುತ್ತದೆ. ಜಾಲತಾಣಗಳ ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವ ಓಪನ್ಎಸ್ಎಸ್ಎಲ್ ತಂತ್ರಾಂಶದಲ್ಲಿ ಈ ಲೋಪವಿತ್ತು. ಮೂರಕ್ಷರದ ಚೀಟಿ ಕೊಟ್ಟು ‘ಇದರಲ್ಲಿ 64 ಸಾವಿರ ಅಕ್ಷರಗಳಿವೆ, ಓದಿ ಹೇಳಿ’ ಎಂದವನಿಗೆ, ಗುಮಾಸ್ತನು ಎಣಿಸಿಯೂ ನೋಡದೆ ಪಕ್ಕದ ಖಾತೆ ಪುಸ್ತಕವನ್ನೆಲ್ಲ ಓದಿ ಹೇಳಿದಂತಿತ್ತು ಅದರ ವರ್ತನೆ. ಎರಡು ವರ್ಷ ಯಾರ ಕಣ್ಣಿಗೂ ಬೀಳದ ಈ ಲೋಪವನ್ನು ಕೊನೆಗೆ ಇಬ್ಬರು ಬೇರೆ ಬೇರೆ ದಾರಿಯಲ್ಲಿ ಕಂಡರು. ಗೂಗಲ್‌ನ ನೀಲ್ ಮೆಹ್ತಾ ಕೋಡನ್ನು ಸಾಲುಸಾಲಾಗಿ ಓದುತ್ತಾ ಕಂಡರೆ, ಫಿನ್ಲೆಂಡ್‌ನ ಕೋಡೆನೋಮಿಕಾನ್ ಸಂಸ್ಥೆಯವರು ತಮ್ಮ ಪರೀಕ್ಷಾ ಸಾಧನದ ಮೂಲಕ ಕಂಡರು.

ಪರರ ಕೋಡ್, ಮನುಷ್ಯನ ಬುದ್ಧಿ

ಇಂದು ಯಾರೂ ತಂತ್ರಾಂಶವನ್ನು ಪೂರ್ತಿ ತಾವೇ ಬರೆಯುವುದಿಲ್ಲ. ಇತರರು ಬರೆದಿಟ್ಟ ಭಾಗಗಳನ್ನು ಜೋಡಿಸುತ್ತಾರೆ. 2021ರ ಡಿಸೆಂಬರ್‌ನಲ್ಲಿ ‘ಲಾಗ್4ಜೆ’ ಎಂಬ ಅಂತಹ ಒಂದು ಭಾಗದಲ್ಲಿ ಗಂಭೀರ ಲೋಪ ಕಂಡಾಗ ಜಗತ್ತಿನಾದ್ಯಂತ ಸಂಸ್ಥೆಗಳು ‘ನಮ್ಮಲ್ಲೂ ಇದಿದೆಯೇ’ ಎಂದು ಹುಡುಕಾಡಿದವು. ಆದ್ದರಿಂದ ಬಳಸಿದ ಭಾಗಗಳ ಪಟ್ಟಿ ಇಟ್ಟು, ಪ್ರಕಟಿತ ಲೋಪಗಳೊಡನೆ ತಾಳೆ ನೋಡುವುದೂ ಪರೀಕ್ಷೆಯ ಅಂಗವಾಗಿದೆ.

ಕೊನೆಯದು ಪೆನೆಟ್ರೇಷನ್ ಟೆಸ್ಟ್: ಮಾಲೀಕರ ಅನುಮತಿ ಪಡೆದ ಪರಿಣತರೇ ಒಳನುಗ್ಗಲು ಯತ್ನಿಸುವುದು. ಒಂದೇ ಠೇವಣಿಯನ್ನು ಎರಡು ಬಾರಿ ಮರಳಿ ಕೇಳಬಹುದೇ, ಮಂಜೂರಾತಿಯ ನಂತರ ಖಾತೆ ಸಂಖ್ಯೆ ಬದಲಿಸಬಹುದೇ ಎಂಬ ಕುಯುಕ್ತಿಯ ಪ್ರಶ್ನೆಗಳು ಹೊಳೆಯಲು ವ್ಯವಹಾರ ಬಲ್ಲ ಮನುಷ್ಯನೇ ಬೇಕು. ಅನುಮತಿ ಎಂಬ ಮಾತು ಇಲ್ಲಿ ಮುಖ್ಯ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂ ಪ್ರಕಾರ ಅನುಮತಿಯಿಲ್ಲದೆ ಗಣಕ ಪ್ರವೇಶಿಸಿದವರು ಪರಿಹಾರ ತೆರಬೇಕಾದೀತು. ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಂ ಅಡಿ ಮೂರು ವರ್ಷಗಳವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಲೋಪ ಕಂಡವರು 2004ರಿಂದ ಕಾರ್ಯನಿರ್ವಹಿಸುತ್ತಿರುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬಹುದು. ಮಾನ್ಯತೆ ಪಡೆದ ಭದ್ರತಾ ಪರೀಕ್ಷಕ ಸಂಸ್ಥೆಗಳ ಪಟ್ಟಿಯನ್ನೂ ಅದೇ ಪ್ರಕಟಿಸುತ್ತದೆ.

ಬಳಕೆದಾರರು ಕೇಳಬೇಕಾದ್ದು

ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ತೊಗರಿ ಒಂದೇ ಜರಡಿಯಿಂದ ಹಸನಾಗುವುದಿಲ್ಲ. ತಂತ್ರಾಂಶವೂ ಹಾಗೆಯೇ, ಒಂದು ವಿಧಾನದಲ್ಲಿ ನುಸುಳಿದ್ದು ಮತ್ತೊಂದರಲ್ಲಿ ಸಿಗುತ್ತದೆ. ತೇರ್ಗಡೆಯ ಪ್ರಮಾಣಪತ್ರವೂ ಪರೀಕ್ಷಿಸಿದ ದಿನದ ಆವೃತ್ತಿಗಷ್ಟೇ ಅನ್ವಯಿಸುತ್ತದೆ. ಮರುದಿನ ಬದಲಿಸಿದ ಹತ್ತು ಸಾಲುಗಳಲ್ಲಿ ಹೊಸ ಲೋಪ ಸೇರಿರಬಹುದು. ಬಿಲ್ಲಿಂಗ್ ತಂತ್ರಾಂಶ ಕೊಳ್ಳುವ ವ್ಯಾಪಾರಿಯಾಗಲಿ, ಜಾಲತಾಣ ಮಾಡಿಸುವ ಸಹಕಾರ ಸಂಘವಾಗಲಿ ಮಾರಾಟಗಾರರನ್ನು ಮೂರು ಪ್ರಶ್ನೆ ಕೇಳಬೇಕು: ಇದನ್ನು ಪರೀಕ್ಷಿಸಿದವರು ಯಾರು? ಕೊನೆಯ ಬದಲಾವಣೆಯ ನಂತರವೂ ಪರೀಕ್ಷೆ ನಡೆದಿದೆಯೇ? ನಾಳೆ ಲೋಪ ಕಂಡರೆ ಎಷ್ಟು ದಿನಗಳಲ್ಲಿ ಸರಿಪಡಿಸಿಕೊಡುತ್ತೀರಿ? ಇವಕ್ಕೆ ಲಿಖಿತ ಉತ್ತರ ಕೊಡಲಾಗದವರ ಕೈಗೆ ಗ್ರಾಹಕರ ಲೆಕ್ಕವನ್ನು ಒಪ್ಪಿಸುವ ಮುನ್ನ ಎರಡು ಬಾರಿ ಯೋಚಿಸುವುದು ಲೇಸು.