ಪುಡಿಯಾದ ಬುಡ ಸತ್ತಂತಲ್ಲ

ಕಡಿದ ಮರದ ಬುಡದ ಮೇಲೆ, ಅದನ್ನು ಅರೆದು ಪುಡಿ ಮಾಡುವ ಟ್ರ್ಯಾಕ್ಟರ್ ಮಲ್ಚರ್ ಒಂದು ಸಲ ಓಡಿಸಿದರೆ ಆ ಮರದ ಕಥೆ ಮುಗಿಯಿತು ಎಂದು ನಂಬಿದವರಿಗೆ ನೀಲಗಿರಿ ತೋಪಿನ ಲೆಕ್ಕಾಚಾರವನ್ನು ನೆನಪಿಸಬೇಕು. ನೀಲಗಿರಿಯನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಕಡಿಯುವುದೇ ಅದು ಮತ್ತೆ ಚೆನ್ನಾಗಿ ಚಿಗುರಲಿ ಎಂದು. ಒಮ್ಮೆ ನೆಟ್ಟು ಎರಡನೇ, ಮೂರನೇ ಫಸಲು ತೆಗೆಯುವುದು ಆ ಕೂಳೆಯಿಂದಲೇ. ಕಾಗದ ಕಾರ್ಖಾನೆಗೆ ಮರ ಮಾರುವ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೂ ಅದೇ ಬುಡವನ್ನು ಕೊಡಲಿಯ ಬದಲು ಯಂತ್ರ ತರಿದರೆ ಸತ್ತೇ ಹೋಗುತ್ತದಂತೆ. ಯಂತ್ರದ ಮೇಲೆ ಎಂಥ ಭಕ್ತಿ! ಚಿಗುರೊಡೆಯುವ ಕಣ್ಣುಗಳು ಬುಡದ ತೊಗಟೆಯಡಿ ಮಲಗಿರುತ್ತವೆ. ತಮಿಳರು ಸೀಮೈ ಕರುವೇಲಂ ಎನ್ನುವ ನಮ್ಮ ಬಳ್ಳಾರಿ ಜಾಲಿಯಲ್ಲಂತೂ ಅವು ಮಣ್ಣಿನೊಳಗೆ, ಬೇರಿನ ತಲೆಯಲ್ಲೇ ಇರುತ್ತವೆ. ಮೇಲಿನ ನಾಲ್ಕು ಬೆರಳು ಕೆರೆದು ಮುಂದೆ ಹೋದ ಮಲ್ಚರ್ ಜಾಲಿಗೆ ಚೌರ ಮಾಡಿದೆ, ಅಷ್ಟೇ. ಒಂದು ಕಾಂಡವಿದ್ದ ಕಡೆ ಹತ್ತು ಚಿಗುರಿನ ಮುಳ್ಳುಪೊದೆ ಏಳುತ್ತದೆ.

ಯಂತ್ರದ ವಿಷಯದಲ್ಲೂ ಗೊಂದಲವಿದೆ. ಉರುಳೆಯ ಮೇಲೆ ಕಾರ್ಬೈಡ್ ಹಲ್ಲುಗಳನ್ನು ಕೂರಿಸಿದ, ಟ್ರ್ಯಾಕ್ಟರ್ ಎಂಜಿನ್ನಿನ ಬಲ ತರುವ ಪಿಟಿಒ ಶಾಫ್ಟ್‌ನಿಂದ ತಿರುಗುವ ಅರಣ್ಯ ಮಲ್ಚರ್‌ಗೆ ಸಾಮಾನ್ಯವಾಗಿ 100 ಎಚ್‌ಪಿ ಆಚೀಚಿನ ಅಥವಾ ಅದಕ್ಕೂ ದೊಡ್ಡ ಟ್ರ್ಯಾಕ್ಟರ್ ಬೇಕು. ನೆಲದೊಳಗಿನ ಬುಡವನ್ನೂ ಅರೆಯಬೇಕಾದರೆ ಆಮೆಯ ನಡಿಗೆಯಲ್ಲಿ ಒಯ್ಯುವ ಗೇರೂ ಬೇಕು. ನಮ್ಮ ಚೆನ್ನೈ ಕಡೆ ಬಾಡಿಗೆಗೆ ಸಿಗುವ ಟ್ರ್ಯಾಕ್ಟರುಗಳು ಹೆಚ್ಚಾಗಿ 35ರಿಂದ 55 ಎಚ್‌ಪಿಯವು. ಅವುಗಳ ಹಿಂದೆ ಮಲ್ಚರ್ ಎಂಬ ಹೆಸರಲ್ಲಿ ಬರುವುದು ಕಬ್ಬಿನ ರವದಿ, ತೆಂಗಿನ ಗರಿ, ಬಾಳೆ ದಿಂಡು ಪುಡಿ ಮಾಡುವ ಸಾಧನ. ಆ ಕೆಲಸಕ್ಕೆ ಅದು ಬಲು ಚೆಂದ.

‘ಸರ್ವೆ ಮರದ ತೋಪಿನಲ್ಲಿ ಮಲ್ಚರ್ ಹೊಡೆಸಿದೆವು, ಒಂದೂ ಚಿಗುರಲಿಲ್ಲವಲ್ಲ’ ಎನ್ನಬಹುದು. ಚೆನ್ನೈ ಕರಾವಳಿಯ ಹಳೆಯ ಸರ್ವೆ ಜಾತಿ ಕಡಿದ ಮೇಲೆ ಚಿಗುರುವುದರಲ್ಲಿ ಮೊದಲೇ ಸೋಮಾರಿ. ಯಂತ್ರ ಬರದಿದ್ದರೂ ಅದು ಏಳುತ್ತಿರಲಿಲ್ಲ. ಅಲ್ಲದೆ ಸರ್ವೆಯ ಬುಡ ಒಳ್ಳೆಯ ಸೌದೆ, ಅಗೆದು ಮಾರಿದರೆ ಕಾಸು ಬರುತ್ತದೆ. ಅದನ್ನು ಡೀಸೆಲ್ ಸುಟ್ಟು ಪುಡಿ ಮಾಡುವುದು ಯಾವ ಜಾಣತನ? ಇನ್ನು ಕೆಲವರದು ತದ್ವಿರುದ್ಧ ನಂಬಿಕೆ: ಕೊನೆಯ ಬೇರಿನವರೆಗೂ ಜೆಸಿಬಿ ತೋಡಬೇಕು, ಇಲ್ಲವಾದರೆ ಉಳಿದ ಬೇರು ಅಂತರ್ಜಲ ಹೀರುತ್ತಲೇ ಇರುತ್ತದೆ ಎಂಬುದು. ನೀರನ್ನು ಮೇಲಕ್ಕೆಳೆಯುವುದು ಎಲೆ. ಎಲೆಯಿಲ್ಲದ, ಚಿಗುರುವ ಕಣ್ಣೂ ಇಲ್ಲದ ಬೇರು ಮಣ್ಣಿನಲ್ಲಿ ಕೊಳೆಯುತ್ತಾ ಬಿದ್ದಿರುತ್ತದೆ, ಅಷ್ಟೇ. ಜಾಲಿಯ ಬುಡವನ್ನು ಸುಮಾರು ಒಂದು ಅಡಿ ಆಳದವರೆಗೆ ತೆಗೆದರೆ ಸಾಕು. ಕೆರೆ ಏರಿಯ ಮೇಲೆ ಜೆಸಿಬಿ ಆಡಿಸಿದರೆ ಏರಿಯೇ ಸಡಿಲವಾಗುತ್ತದೆ ಎಂಬ ವಾದ ನಿಜ. ಅಲ್ಲಿ ಬುಡ ಸವರಿ, ಬಂದ ಚಿಗುರನ್ನು ಮತ್ತೆ ಮತ್ತೆ ಮುರಿಯುತ್ತಾ ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಬರಿದಾಗಿಸಬೇಕು. ಬೇಸರದ ಕೆಲಸ ನಿಜ, ಆದರೆ ಒಂದೇ ದಿನದಲ್ಲಿ ಮುಗಿಸುವ ಯಂತ್ರವಿಲ್ಲ. ಮಲ್ಚರ್ ಉದುರಿಸಿದ ಹಸಿ ಚಕ್ಕೆ ಮಣ್ಣಿಗೆ ಸೇರಿದ ಕೂಡಲೇ ಗೊಬ್ಬರವಾಗುತ್ತದೆ ಎಂಬುದೂ ಸುಳ್ಳು. ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನೇ ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುತ್ತದೆ.

ಈ ಜಾಲಿಯ ಸುತ್ತ ಹಬ್ಬಿದಷ್ಟು ಕಟ್ಟುಕಥೆ ಬೇರೆ ಮರಕ್ಕಿಲ್ಲ. 1870ರ ದಶಕದಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಅಧಿಕಾರಿಗಳೇ ಬೀಜ ತರಿಸಿದ ಮರ ಇದು. ವಾಟ್ಸಾಪ್‌ನಲ್ಲಿ ಮಾತ್ರ ವಿದೇಶಿ ಪಿತೂರಿ. ಗಾಳಿಯ ತೇವವನ್ನೇ ಹೀರುತ್ತದಂತೆ, ಕೆಳಗೆ ಕಟ್ಟಿದ ದನ ಗೊಡ್ಡಾಗುತ್ತದಂತೆ. 2017ರಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ ಜಾಲಿ ತೆರವಿಗೆ ಬೆನ್ನು ಹತ್ತಿದ್ದು, ಅದೇ ವರ್ಷ ಚೆನ್ನೈನ ಪೀಠ ಕೆಲಕಾಲ ತಡೆ ಕೊಟ್ಟಿದ್ದು ಇಂಥ ಗದ್ದಲದ ನಡುವೆಯೇ. ಕೆರೆಯಂಗಳ ನುಂಗುವ, ದನ ತಿಂದ ಕಾಯಿಯ ಬೀಜ ಸಗಣಿಯಲ್ಲಿ ಬಿದ್ದು ಊರೆಲ್ಲ ಹುಟ್ಟುವ ಮರದ ನಿಜವಾದ ಕಾಟವೇ ಸಾಲದೆ?

ಮಲ್ಚರ್ ಮೇಲಿನ ನಂಬಿಕೆ ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಋತುವೂ ಕಾರಣ. ತೆರವು ನಡೆಯುವುದು ಬೇಸಿಗೆಯಲ್ಲಿ. ಹದವಾಗಿ ಹಾಸಿದ ಚಕ್ಕೆ ಕಂಡು ಗುತ್ತಿಗೆದಾರನಿಗೆ ಹಣ ಎಣಿಸಿ ಕೊಟ್ಟಾಗಿರುತ್ತದೆ. ಚೆನ್ನೈಗೆ ಹಿಂಗಾರು ಬಂದು ಚಿಗುರಿಗೆ ವೇಗ ಸಿಗುವ ಅಕ್ಟೋಬರ್, ನವೆಂಬರ್ ಹೊತ್ತಿಗೆ ಟ್ರ್ಯಾಕ್ಟರ್ ಬೇರೆ ಊರಲ್ಲಿರುತ್ತದೆ. ಬಾಕಿ ಹಣವನ್ನು ಡಿಸೆಂಬರ್‌ವರೆಗೆ ಹಿಡಿದಿಡುವ ಕರಾರಿಗೆ ಒಪ್ಪುವ ಗುತ್ತಿಗೆದಾರ ಬುಡವನ್ನು ಎಷ್ಟು ಆಳಕ್ಕೆ ಅರೆಯುತ್ತಾನೆ ಎಂಬುದನ್ನು ನೋಡಬೇಕು.