ಕಾಲೇಜು ಶಿಕ್ಷಣದಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಯುಕ್ತ ಅನುಕೂಲ

ಅಫಜಲಪುರ ತಾಲೂಕಿನ ಅತನೂರದಂತಹ ಗ್ರಾಮಗಳಿಂದ ಕಾಲೇಜಿಗೆ ತೆರಳುವ ವಿಕಲಚೇತನ ವಿದ್ಯಾರ್ಥಿಗಳಿಗೆ ಪ್ರವೇಶ ದೊರೆತ ಮಾತ್ರಕ್ಕೆ ಅಡೆತಡೆಗಳು ನಿವಾರಣೆಯಾಗುವುದಿಲ್ಲ. ಗಾಲಿಕುರ್ಚಿ ಬಳಸುವವರಿಗಾಗಿ ತರಗತಿಯನ್ನು ನೆಲಮಹಡಿಗೆ ಬದಲಾಯಿಸುವುದು, ದೃಷ್ಟಿದೋಷವುಳ್ಳವರಿಗೆ ದೊಡ್ಡಕ್ಷರದ ಅಥವಾ ಧ್ವನಿಮುದ್ರಿತ ಪಾಠ ಒದಗಿಸುವುದು ಮುಂತಾದ ಅಗತ್ಯ ಮಾರ್ಪಾಡುಗಳೇ ಯುಕ್ತ ಅನುಕೂಲ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದ ಇಂತಹ ಅನುಕೂಲವನ್ನು ನಿರಾಕರಿಸುವುದು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದನ್ವಯ ತಾರತಮ್ಯವಾಗುತ್ತದೆ.

ಶೇ. 40ಕ್ಕೆ ಕಡಿಮೆಯಿಲ್ಲದ ವಿಕಲತೆಯುಳ್ಳವರಿಗೆ ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5ರಷ್ಟು ಸ್ಥಾನಗಳು ಮೀಸಲಿದ್ದು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷಗಳ ಸಡಿಲಿಕೆ ಇರುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಬರೆಯಲು ತೊಂದರೆಯುಳ್ಳ ಅರ್ಹ ಅಭ್ಯರ್ಥಿಗಳಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ನೀಡತಕ್ಕದ್ದು. ವಿಕಲತೆಯ ಪ್ರಮಾಣ ಶೇ. 40ಕ್ಕಿಂತ ಕಡಿಮೆ ಎಂಬ ಒಂದೇ ಕಾರಣಕ್ಕೆ ಲಿಪಿಕಾರರ ನೆರವನ್ನು ನಿರಾಕರಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ.

ಪರೀಕ್ಷೆ ಸಮೀಪಿಸಿದ ಮೇಲೆ ಕೇಳಿದರೆ ಲಿಪಿಕಾರರನ್ನು ಹೊಂದಿಸುವುದು ಕಷ್ಟವಾಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳು ಪ್ರವೇಶದ ಸಮಯದಲ್ಲಿಯೇ ತಮಗೆ ಬೇಕಾದ ಅನುಕೂಲವನ್ನು ನಮೂದಿಸಿ, ಯುಡಿಐಡಿ ಕಾರ್ಡ್ ಅಥವಾ ವೈದ್ಯಕೀಯ ಪ್ರಮಾಣಪತ್ರದ ಪ್ರತಿಯೊಂದಿಗೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯುವುದು ಸೂಕ್ತ. ಯುಡಿಐಡಿ ಕಾರ್ಡ್ ಇಲ್ಲದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.