ತೊಗರಿ ಬೀಜ ಕೊಳ್ಳುವಾಗ ಕೇಳಬೇಕಾದ ಮಾತು

ದೀಪಾವಳಿಯ ಸುಮಾರಿಗೆ ಕಾಗಿಣಾ ದಂಡೆಯ ನಮ್ಮ ಹೊಲಗಳಲ್ಲಿ ತೊಗರಿ ಹಳದಿ ಹೂವು ಹೊತ್ತು ನಿಲ್ಲುತ್ತದೆ. ಆಗ ನಾಲ್ಕು ದಿನ ಮೋಡ ಕವಿಯಿತೆಂದರೆ ಒಕ್ಕಲಿಗನಿಗೆ ನಿದ್ದೆ ಹತ್ತುವುದಿಲ್ಲ. ಕಾಯಿ ಕೊರೆಯುವ ಕೀಡೆ ಬೀಳುವ ಕಾಲ ಅದು. 1997-98ರಲ್ಲಿ ಬೀದರ, ಕಲಬುರಗಿ ಸೀಮೆಯಲ್ಲಿ ಈ ಕೀಡೆ ಮಾಡಿದ ಹಾನಿಯನ್ನು ಹಿರಿಯರು ಇನ್ನೂ ಮರೆತಿಲ್ಲ.

ಕೆಲವು ವರ್ಷಗಳ ಹಿಂದೆ ನಾನೇ ಮೋಸಹೋದೆ. ಬೀಜದ ಅಂಗಡಿಯವರು, “ಮಾಸ್ತರ, ಇದು ನಿರೋಧಕ ತಳಿ ಅದ. ಏನೂ ಹತ್ತಂಗಿಲ್ಲ ನೋಡ್ರಿ” ಎಂದರು. ಚೀಲದ ಮೇಲೂ ಆ ಶಬ್ದ ಅಚ್ಚಾಗಿತ್ತು. ನಂಬಿದೆ. ಪರೀಕ್ಷೆಯ ಗಡಿಬಿಡಿಯಲ್ಲಿ ಎರಡು ವಾರ ಹೊಲದ ಕಡೆ ಹಾಯಲಿಲ್ಲ. ಹೋಗಿ ನೋಡಿದರೆ ಒಂದು ಗಿಡವೂ ಒಣಗಿಲ್ಲ, ಆದರೆ ಕಾಯಿಗೆಲ್ಲ ತೂತು! ಚೀಲದ ಮಾತು ಸುಳ್ಳಲ್ಲ. ಅದು ನೆಟೆ ರೋಗಕ್ಕೆ ನಿರೋಧಕವಾಗಿತ್ತು, ಕೀಡೆಗಲ್ಲ. ಯಾವುದಕ್ಕೆ ನಿರೋಧಕವೆಂದು ನಾನೂ ಕೇಳಿರಲಿಲ್ಲ. ಮಕ್ಕಳಿಗೆ ಪ್ರಶ್ನೆ ಕೇಳುವುದನ್ನು ಕಲಿಸುವವನ ಗತಿ ಇದು.

ನೆಟೆ ರೋಗ ಮಣ್ಣಿನ ಬೂಷ್ಟಿನಿಂದ ಬರುತ್ತದೆ, ಬೇರಿನಿಂದ ಒಳಹೊಗುತ್ತದೆ. ಅದನ್ನು ತಡೆದು ನಿಲ್ಲುವ ತಳಿಗಳು ನಮಗೆ ಸಿಕ್ಕಿವೆ. ಮಾರುತಿ ಅಂಥದು. 1993ರಲ್ಲಿ ಬಂದ ಆಶಾ ಬಂಜೆ ರೋಗವನ್ನೂ ತಾಳುತ್ತದೆ. ಕೀಡೆಯ ಮಾತೇ ಬೇರೆ. ತೊಗರಿ, ಕಡಲೆ, ಹತ್ತಿ, ಸೂರ್ಯಕಾಂತಿ ಎಂಬ ಭೇದವಿಲ್ಲದೆ ನೂರಾರು ಜಾತಿಯ ಸಸ್ಯಗಳನ್ನು ತಿಂದು ಬದುಕುವ ಜೀವಿಯದು. ಒಂದು ಪತಂಗ ನೂರಾರು ಮೊಟ್ಟೆ ಇಡುತ್ತದೆ. ಮೂರು-ನಾಲ್ಕು ದಿನಗಳಲ್ಲಿ ಮರಿ ಹೊರಬೀಳುತ್ತದೆ.

ನಮ್ಮ ಸೀಮೆಗೆ ದೂರವಲ್ಲದ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯವರು ಸಾವಿರಾರು ಬಗೆಯ ತೊಗರಿಯನ್ನು ಬಿತ್ತಿ, ಕೀಡೆಗೆ ಒಡ್ಡಿ ನೋಡಿದ್ದಾರೆ. ಸಿಕ್ಕದ್ದು ಅಷ್ಟಿಷ್ಟು ತಾಳಿಕೆ ಮಾತ್ರ. 1989ರಲ್ಲಿ ಆಗಿನ ಆಂಧ್ರಪ್ರದೇಶದಲ್ಲಿ ಬಿಡುಗಡೆಯಾದ ‘ಅಭಯ’ ಅಂಥ ತಳಿ. ಪತಂಗ ಅದರ ಮೇಲೆ ಮೊಟ್ಟೆ ಇಡುವುದು ಕಡಿಮೆ, ಆದರೆ ಇಡುವುದೇ ಇಲ್ಲವೆಂದಲ್ಲ. ಮೇಲಾಗಿ ಅದಕ್ಕೆ ನೆಟೆ ರೋಗದ ಕಾಟ! ಒಂದು ಕಿಂಡಿ ಮುಚ್ಚಿದರೆ ಇನ್ನೊಂದು ತೆರೆಯಿತು. ನಿಜವಾದ ತಡೆ ಇರುವುದು ಕಾಡು ತೊಗರಿಯಲ್ಲಿ. ಅದರ ಕಾಯಿಯ ಮೇಲೆ ದಟ್ಟವಾದ ರೋಮವಿರುತ್ತದೆ. ಆಗತಾನೆ ಹುಟ್ಟಿದ ಮರಿ ಆ ರೋಮದಲ್ಲಿ ಸಿಕ್ಕು ಸಿಪ್ಪೆಯನ್ನು ಮುಟ್ಟಲಾರದು. ಆ ಗುಣವನ್ನು ಊರ ತೊಗರಿಗೆ ತರಲು ಸಂಕರದ ಪ್ರಯತ್ನ ನಡೆದಿದೆ.

ಆದ ಕಾರಣ ಬೀಜ ಕೊಳ್ಳುವಾಗ ‘ಯಾವುದಕ್ಕೆ ನಿರೋಧಕ?’ ಎಂದು ಕೇಳಿರಿ. 2022ರಲ್ಲಿ ನಮ್ಮ ತಾಂಡೂರು ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದೆ, ನಿಜ. ಆದರೆ ತೂತು ಬಿದ್ದ ಕಾಳಿಗೆ ಯಾವ ಗುರುತೂ ಬೆಲೆ ತರಲಾರದು.

ಮೊಗ್ಗು ಕಟ್ಟಿದ ದಿನದಿಂದ ಎರಡು-ಮೂರು ದಿನಕ್ಕೊಮ್ಮೆ ಸಾಲಿನೊಳಗೆ ಹೊಕ್ಕು ನೋಡಿರಿ. ಗಿಡಕ್ಕೆ ಎರಡು ಮೊಟ್ಟೆ ಇಲ್ಲವೆ ಒಂದು ಮರಿ ಕಂಡರೆ ತಡಮಾಡದೆ ಬೇವಿನ ಬೀಜದ ಕಷಾಯ ಹೊಡೆಯಿರಿ. ಮರಿ ಸಣ್ಣದಿದ್ದಾಗಲೇ ಔಷಧ ಹತ್ತುತ್ತದೆ, ಕಾಯಿಯೊಳಗೆ ತಲೆ ಹಾಕಿದ ಮೇಲೆ ಕಷ್ಟ. ಹಕ್ಕಿ ಕೂಡಲು ಅಲ್ಲಲ್ಲಿ ಕವಲು ಕೋಲು ನೆಡಿರಿ. ಕೀಡೆ ಬಲಿತಿದ್ದರೆ ಹಳೆಯ ಪದ್ಧತಿಯೇ ಮೇಲು: ಗಿಡದ ಬುಡಕ್ಕೆ ಜಮಖಾನೆಯನ್ನೋ ತಾಡಪತ್ರಿಯನ್ನೋ ಹಿಡಿದು, ಗಿಡ ಬಗ್ಗಿಸಿ ಮೆಲ್ಲಗೆ ಜಾಡಿಸಬೇಕು. ಈಗ ನಮ್ಮ ಮನೆಯಲ್ಲಿ ಹಾಗೆಯೇ ಮಾಡುತ್ತೇವೆ. ಉದುರಿದ ಕೀಡೆಗಳನ್ನು ಕೋಳಿಗಳ ಮುಂದೆ ಸುರಿದರೆ ಕ್ಷಣದಲ್ಲಿ ಖಾಲಿ.